ಮುಂದಿನ ಗಾಲಿಯ ಕರೆಂಟು, ನನ್ನ ಎರಡು ಕಿವಿ

ಕಿವಿ ಕೇಳದ ಹೆಂಗಸು ಸೈಕಲ್ ಮೇಲೆ ಊರೂರು ತಿರುಗಬಾರದು ಎಂದು ಯಾವ ಕಾನೂನಿನಲ್ಲಿ ಬರೆದಿದೆ ಎಂದು ಅಣ್ಣನನ್ನು ಕೇಳಿದ್ದೆ. "ಕಾನೂನ್ ಗೀನೂನ್ ಬ್ಯಾಡ, ನಾ ಹೇಳಾಕತ್ತೀನಿ, ಸಾಕು," ಅಂದ. ನಮ್ಮ ಮನೆಯ ಜಗಳಗಳೆಲ್ಲ ಈ ಮಾತಿಗೆ ಮುಗಿಯುತ್ತವೆ. ಆ ಸಲ ನಾನು ಮುಗಿಯಗೊಡಲಿಲ್ಲ.

ಶಹಾಬಾದಿನಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ಬಿಚ್ಚುವುದು, ಕರಿಕಾದ ತಾಮ್ರದ ತಂತಿ ಕಿತ್ತೆಸೆಯುವುದು, ಹೊಸ ತಂತಿ ಸುತ್ತಿ ವಾರ್ನಿಶ್ ಹೊಯ್ದು ಒಣಗಿಸಿ ಕೊಡುವುದು, ಇಷ್ಟೇ ಕೆಲಸ. ಅಪ್ಪ ಶುರು ಮಾಡಿದ್ದು. ಮದುವೆಯಾದ ಎರಡೇ ವರ್ಷಕ್ಕೆ ತವರಿಗೆ ತಿರುಗಿ ಬಂದ ನನ್ನನ್ನು ಅಡುಗೆಮನೆಗೆ ಬಿಡದೆ, ಪಕ್ಕದಲ್ಲಿ ಕೂಡಿಸಿಕೊಂಡು ತಂತಿ ಸುತ್ತುವುದನ್ನು ಕಲಿಸಿದವರೂ ಅವರೇ. ಅವರು ಹೋದ ಮೇಲೆ ಅಂಗಡಿ ಅಣ್ಣನದಾಯಿತು, ಕೆಲಸ ನನ್ನದೇ ಉಳಿಯಿತು. ಅಂಗಡಿಯ ಗೋಡೆಗೆ ಗೋಡೆ ಹಚ್ಚಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನು. ಮುಂಜಾನೆಯಿಂದ ಸಂಜೆಯವರೆಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದರ ಪಕ್ಕ ಕೂತೆ. ನಲವತ್ತು ತುಂಬುವುದರೊಳಗೆ ಕಿವಿ ಹೋದವು. ಗುಡುಗು ಕೇಳುತ್ತದೆ, ಮೈಮೇಲೆ ಬಂದ ಲಾರಿಯ ಹಾರ್ನು ಕೇಳುತ್ತದೆ, ಮನುಷ್ಯರ ಮಾತು ಮಾತ್ರ ಕೇಳುವುದಿಲ್ಲ.

ಆಮೇಲೆ ಕಿವಿ ಮಷೀನು ಬಂದವು. ಒಂದೊಂದು ಶೇಂಗಾ ಕಾಯಿಯಷ್ಟು. ಕನ್ನಡಕ ಹಾಕಿಕೊಂಡವರನ್ನು ನಮ್ಮ ಜನ ಓದಿದವರು ಅಂದುಕೊಳ್ಳುತ್ತಾರೆ. ಕಿವಿಯಲ್ಲಿ ಮಷೀನು ಕಂಡರೆ ಮಾತು ಅರ್ಧಕ್ಕೆ ಬಿಟ್ಟು ಪಕ್ಕದವರ ಕಡೆ ತಿರುಗುತ್ತಾರೆ. ಅದಕ್ಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಅವನ್ನು ಮುಚ್ಚಿಡುತ್ತಿದ್ದೆ. ಇನ್ನೂ ಒಂದು ವಿದ್ಯೆ ಕಲಿತೆ: ಕೇಳದಿದ್ದರೂ ತಲೆಯಾಡಿಸಿ ಹ್ಞೂಂ ಅನ್ನುವುದು. ಯಾರು ಏನು ಅಂದರೂ ಹ್ಞೂಂ. ನೂರಕ್ಕೆ ತೊಂಬತ್ತು ಸಲ ಏನೂ ಆಗುವುದಿಲ್ಲ. ಜನ ಹೆಚ್ಚಾಗಿ ಹೇಳುವುದೂ ಹ್ಞೂಂ ಅನ್ನಬಹುದಾದ ಮಾತುಗಳನ್ನೇ.

ಸೈಕಲ್ ಮಾತ್ರ ಮೊದಲಿನಿಂದ ನನ್ನದು. ಅದರ ಮೇಲೆ ಕೂತವಳಿಗೆ ಯಾರೂ ಏನೂ ಕೇಳುವುದಿಲ್ಲ, ಉತ್ತರ ಕೊಡಬೇಕಾಗಿಲ್ಲ. ಆದಿತ್ಯವಾರ ಕಾಗಿಣಾ ಹೊಳೆ ದಾಟಿ ಹೋಗುತ್ತಿದ್ದವಳು, ಆಮೇಲೆ ಕಲಬುರಗಿಗೆ ಹೋಗಿಬಂದೆ. ಹೋದ ಚಳಿಗಾಲದಲ್ಲಿ ದೊಡ್ಡ ಸುತ್ತೊಂದನ್ನು ಮನಸ್ಸಿನಲ್ಲಿ ಹಾಕಿಕೊಂಡೆ: ವಾಡಿ, ಚಿತ್ತಾಪುರ, ಸನ್ನತಿ, ಸೇಡಂ, ಚಿಂಚೋಳಿ. ಅಣ್ಣನ ಮೊದಲ ಪ್ರಶ್ನೆ ಊಟದ್ದಲ್ಲ, ಇರುವ ಜಾಗದ್ದೂ ಅಲ್ಲ.

"ಆ ಮಷೀನ್ ಎಲ್ಲಿ ಚಾರ್ಜ್ ಮಾಡ್ತಿ? ಹಳ್ಳ್ಯಾಗ ಕರೆಂಟ್ ಹೋದ್ರ ಏನ್ ಮಾಡ್ತಿ? ಮಂದಿ ಮನಿ ಗ್ವಾಡಿಗಿ ವೈರ್ ಹಚ್ಕೊಂಡು ಕುಂದರ್ತೇನು?"

"ನನ್ನ ಕರೆಂಟ್ ನಾ ಮಾಡ್ಕೋತೀನಿ," ಅಂದೆ. ಸಿಟ್ಟಿನಲ್ಲಿ ಬಂದ ಮಾತು. ಆದರೆ ಬಾಯಿಂದ ಬಿದ್ದ ಮೇಲೆ ಅದನ್ನು ಮಾಡಿ ತೋರಿಸದೆ ಬಿಡುವವಳು ನಾನಲ್ಲ.

ಅಪ್ಪನ ಸೈಕಲ್ಲಿನಲ್ಲಿ ಟೈರಿಗೆ ಒರಗುವ ಬಾಟಲಿಯಂಥ ಡೈನಮೋ ಇತ್ತು. ಅದನ್ನು ಹಚ್ಚಿದರೆ ಎತ್ತು ಇಲ್ಲದ ಗಾಡಿ ಎಳೆದಷ್ಟು ಭಾರ. ಈಗ ಗಾಲಿಯ ನಡುವಿನ ಹಬ್ಬಿನೊಳಗೇ ಡೈನಮೋ ಕೂಡಿಸಿದ್ದು ಸಿಗುತ್ತದೆ. ಹೊರಗಿನಿಂದ ನೋಡಿದರೆ ಸ್ವಲ್ಪ ದಪ್ಪನೆಯ ಹಬ್ಬು, ಅಷ್ಟೇ. ಒಳಗೆ ತಾಮ್ರದ ಸುರುಳಿ ಅಲುಗದೆ ನಿಂತಿರುತ್ತದೆ, ಅದರ ಸುತ್ತ ಅಯಸ್ಕಾಂತಗಳು ಗಾಲಿಯ ಜೊತೆ ತಿರುಗುತ್ತವೆ. ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ತರಿಸಿಕೊಂಡೆ, ಕಡ್ಡಿ ಹೆಣೆದು ಗಾಲಿ ಕಟ್ಟಿದೆ. ಅದರ ಕರೆಂಟನ್ನು ಫೋನಿಗೆ, ಕಿವಿ ಮಷೀನಿಗೆ ಹೊಂದುವಂತೆ ಪಳಗಿಸುವ ಚಿಕ್ಕದೊಂದು ಸರ್ಕಿಟ್ಟು ಕೂಡಿಸಿ, ಸಾಬೂನಿನ ಡಬ್ಬಿಯಲ್ಲಿ ಹಾಕಿ ಹ್ಯಾಂಡಲ್ಲಿಗೆ ಬಿಗಿದೆ. ನಡೆಯುವಷ್ಟು ನಿಧಾನಕ್ಕೆ ಹೋದರೆ ಸೈಕಲ್ಲಿನ ಮುಂದಿನ ದೀಪ ಮಿಣುಕುತ್ತದೆ. ಎಂದಿನ ವೇಗಕ್ಕೆ ಬಂದರೆ ದೀಪ ನಿಂತು ಉರಿಯುತ್ತದೆ, ಚಾರ್ಜೂ ಏರುತ್ತದೆ.

ಅಣ್ಣ ಬಂದು ನೋಡಿದ, ಗಾಲಿ ಎತ್ತಿ ತಿರುಗಿಸಿದ, ದೀಪ ಹತ್ತಿದ್ದು ಕಂಡ. ಬೇಡ ಅನ್ನಲು ಕಾರಣ ಉಳಿಯದೆ ಶರತ್ತು ಹಾಕಿದ. "ದಿನಾ ಸಂಜಿ ಏಳಕ್ಕ ನಾ ಫೋನ್ ಮಾಡ್ತೀನಿ. ಮೆಸೇಜ್ ಗಿಸೇಜ್ ನಡ್ಯಂಗಿಲ್ಲ. ನಾ ಕೇಳಿದ್ದಕ್ಕ ನೀನೇ ಉತ್ತರ ಕೊಡ್ಬೇಕು. ಒಂದು ಸಂಜಿ ತಪ್ಪಿದ್ರೂ ಗಾಡಿ ತಗೊಂಡು ಬರ್ತೀನಿ. ಆ ಮ್ಯಾಲ ಸೈಕಲ್ ಅಟ್ಟದ ಮ್ಯಾಲ, ತಿಳೀತಿಲ್ಲೋ? ಮತ್ತ ರೋಡಿನ್ಯಾಗ ಮಷೀನ್ ಕಿವ್ಯಾಗೇ ಇರ್ಬೇಕು."

ನಾನು ಹ್ಞೂಂ ಅಂದೆ. ಆ ಸಲ ಎಲ್ಲವೂ ಕೇಳಿಸಿತ್ತು. ಕೇಳಿಸಿಯೂ ಸುಳ್ಳೇ ಹೇಳಿದೆ.

ಯಾಕೆಂದರೆ ಲೆಕ್ಕ ಹೀಗಿತ್ತು. ನನ್ನ ಮಷೀನು ಹಳೆಯವು. ಪೂರ್ತಿ ತುಂಬಿಸಿದರೆ ನಾಲ್ಕೈದು ತಾಸು ನಡೆಯುತ್ತವೆ. ಚಾರ್ಜ್ ಆಗಬೇಕಾದರೆ ಅವು ತಮ್ಮ ಡಬ್ಬಿಯೊಳಗೆ ಕೂತಿರಬೇಕು, ನನ್ನ ಕಿವಿಯಲ್ಲಲ್ಲ. ನಡುವೆ ಪವರ್ ಬ್ಯಾಂಕ್ ಇಟ್ಟು ನೋಡಿದೆ; ಏರು ಬಂದು ಗಾಲಿ ನಿಧಾನವಾದಾಗಲೆಲ್ಲ ಕರೆಂಟು ಕಡಿದು ಕಡಿದು ಬಂದು ಪವರ್ ಬ್ಯಾಂಕ್ ಬಂದ್ ಆಗಿಬಿಡುತ್ತಿತ್ತು. ಹಾಗಾಗಿ ದಾರಿ ಒಂದೇ: ಹಗಲೆಲ್ಲ ಕಿವಿ ಡಬ್ಬಿಯಲ್ಲಿ, ಸಂಜೆ ಕಿವಿಯಲ್ಲಿ. ಸಂಜೆ ಅಣ್ಣನಿಗೆ ಕೇಳುವವಳಾಗಲು ಹಗಲು ರಸ್ತೆಯ ಮೇಲೆ ಕಿವುಡಿಯಾಗಿ ಹೋಗಬೇಕು. ಇದನ್ನು ಅವನಿಗೆ ಹೇಳಿದ್ದರೆ ಆ ಕ್ಷಣವೇ ಸೈಕಲ್ ಅಟ್ಟಕ್ಕೆ ಹೋಗುತ್ತಿತ್ತು.

ಮೊದಲ ದಿನ ವಾಡಿಯ ಮೇಲೆ ಹಾದು ಚಿತ್ತಾಪುರಕ್ಕೆ. ಸಿಮೆಂಟಿನ ಟ್ಯಾಂಕರುಗಳು ಬಗಲಿಗೆ ಉಜ್ಜಿದಂತೆ ಹೋಗುತ್ತಿದ್ದವು, ಬೂದು ಧೂಳು ಹುಬ್ಬಿನ ಮೇಲೆ ಕೂರುತ್ತಿತ್ತು. ಹ್ಯಾಂಡಲ್ಲಿನ ಎರಡೂ ಬದಿಗೆ ಕನ್ನಡಿ ಹಾಕಿಸಿಕೊಂಡಿದ್ದೆ. ಮುಂದೆ ನೋಡಿದಷ್ಟೇ ಹಿಂದೆಯೂ ನೋಡುತ್ತ ಹೋದೆ. ನನ್ನ ಜೊತೆಯವರು ಅಂದರೆ ಹ್ಯಾಂಡಲ್ಲಿಗೆ ಕಟ್ಟಿದ ತೆರೆದ ಚೀಲದಲ್ಲಿ ಮಷೀನಿನ ಡಬ್ಬಿಯ ಮೇಲಿನ ಚಿಕ್ಕ ಕೆಂಪು ದೀಪ ಒಂದೇ. ವಾಡಿ ದಾಟುವಷ್ಟರಲ್ಲಿ ಅದು ಹಸಿರಾಯಿತು. ರಸ್ತೆಯ ನಡುವೆ ಒಬ್ಬಳೇ ನಕ್ಕೆ.

ಸಂಜೆ ಏಳಕ್ಕೆ ಚಿತ್ತಾಪುರದಲ್ಲಿ ಫೋನ್ ಬಂತು. "ಉಂಡೇನು?" ಉಂಡೆ. "ಎಲ್ಲಿದ್ದಿ?" ಹೇಳಿದೆ. "ಮಷೀನ್ ಹಾಕ್ಕೊಂಡೇ ಹೊಡದಿ ಹೌದಿಲ್ಲ?" ಹ್ಞೂಂ. ಒಂದು ಸಂಜೆ ದಾಟಿತು.

ಈ ಕಡೆ ಈಗ ಹೊಸದೊಂದು ರಿವಾಜು ಬಂದಿದೆ. ಮನೆಗೆ ಬಂದವರಿಗೆ ನೀರಿನ ತಂಬಿಗೆ ಕೊಟ್ಟ ಮೇಲೆ, ಬೆಲ್ಲ ಕೊಡುವ ಮೊದಲೇ, "ಫೋನ್ ಚಾರ್ಜಿಗಿ ಹಚ್ಚಲೇನ್ರಿ?" ಅಂತ ಕೈ ಚಾಚುತ್ತಾರೆ. ಬೇಡ ಅಂದರೆ ನೀರು ಬೇಡ ಅಂದಷ್ಟೇ ಬೇಸರ. ನನ್ನ ಹಟ ಅವರಿಗೆ ಹೇಗೆ ಅರ್ಥವಾಗಬೇಕು? ಗಾಲಿಯೇ ಚಾರ್ಜ್ ಮಾಡುತ್ತದೆ ಅಂದರೆ ನಂಬುವುದಿಲ್ಲ. ನಂಬಿದವರು ಇಡೀ ಓಣಿಯನ್ನು ಕರೆದು ಗಾಲಿ ತಿರುಗಿಸಿ ನೋಡುತ್ತಾರೆ. ಎರಡನೇ ದಿನದ ಹೊತ್ತಿಗೆ ಹೇಳಿ ಹೇಳಿ ಸಾಕಾಗಿ, ಹಬ್ಬಿನ ಮೇಲೆ ಹಳೆಯ ಬಟ್ಟೆ ಸುತ್ತಿಬಿಟ್ಟೆ. ಅದು ದೊಡ್ಡ ತಪ್ಪಾಯಿತು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಸನ್ನತಿಯಲ್ಲಿ ಭೀಮಾ ದಂಡೆಯ ಒಂದು ಮನೆಯಲ್ಲಿ ಇದ್ದೆ. ಹೊಳೆಯಿಂದ ನೀರೆತ್ತುವ ಅವರ ಮೋಟಾರನ್ನು ನಾನು ಎರಡು ಸಲ ಸುತ್ತಿಕೊಟ್ಟಿದ್ದೆ. ಹೊತ್ತು ಮುಳುಗುತ್ತಲೇ ಕರೆಂಟು ಹೋಯಿತು. ಒಲೆಯ ಮುಂದೆ ಕೂತಿದ್ದ ಮನೆಯ ಮುದುಕಿ ಹಿಟ್ಟಿನ ಕೈಯನ್ನೇ ಗಾಳಿಯಲ್ಲಿ ಹಿಡಿದುಕೊಂಡು ಇಲಾಖೆಯವರನ್ನು ಬೈಯತೊಡಗಿದಳು. ಆ ಹೊತ್ತಿಗೆ ನನ್ನ ಕಿವಿ ನನ್ನ ಕಿವಿಯಲ್ಲಿದ್ದವು. ಬೈಗುಳ ಒಂದೂ ಬಿಡದೆ ಕೇಳಿಸಿತು, ಸಂತೋಷವಾಯಿತು. ಸೈಕಲನ್ನು ಹೊಸ್ತಿಲೊಳಗೆ ತಂದು, ಮುಂದಿನ ಗಾಲಿ ಎತ್ತಿ ಹಿಡಿದು ತಿರುಗಿಸಿದೆ. ಅಡುಗೆಮನೆ ಬೆಳ್ಳಗಾಯಿತು.

"ಏ ಯವ್ವಾ, ಇದ್ಯಾವ ಗಾಲಿನೇ! ನಿಲ್ಲಿಸ್ಬ್ಯಾಡ, ತಿರುವು, ತಿರುವು," ಅಂದಳು. ನಾನು ತಿರುವಿದೆ, ಅವಳು ತಟ್ಟಿದಳು. ಗಾಲಿ ನಿಧಾನವಾದರೆ ದೀಪ ಸಣ್ಣಗಾಗುತ್ತಿತ್ತು, ಅವಳ ಕೈಯೂ ನಿಲ್ಲುತ್ತಿತ್ತು. ಒಂಬತ್ತು ರೊಟ್ಟಿಗೆ ನನ್ನ ರಟ್ಟೆ ಬಿದ್ದುಹೋಯಿತು. ಏಳಕ್ಕೆ ಅಣ್ಣನ ಫೋನು ಬಂದಾಗ ಏದುಸಿರು ಬಿಡುತ್ತಿದ್ದೆ. ಊರಿಗೆ ಊರೇ ಕತ್ತಲಲ್ಲಿದೆ, ನನಗೆ ಮಾತ್ರ ದೀಪವೂ ಇದೆ, ಕಿವಿಯೂ ಇದೆ ಎಂದು ಅವನಿಗೆ ಹೇಳಿದೆ. ಹೇಳುವಾಗ ದನಿಯಲ್ಲಿ ಸೊಕ್ಕಿತ್ತು, ಒಪ್ಪುತ್ತೇನೆ. ಅವನು ಮತ್ತೆ ಅದೇ ಕೇಳಿದ, ಮಷೀನು ಹಾಕಿಕೊಂಡೇ ಹೊಡೆಯುತ್ತೀಯಲ್ಲ ಅಂತ. ಹ್ಞೂಂ ಅಂದೆ.

ಮೂರನೇ ದಿನ ಸೇಡಂ ಕಡೆಗೆ ಇಡೀ ದಾರಿ ಎದುರುಗಾಳಿ. ಕೊಯ್ದ ತೊಗರಿಯ ಹೊಲಗಳ ಮೇಲಿಂದ ಬರುವ ಗಾಳಿಗೆ ತಡೆಯೇ ಇಲ್ಲ. ನಡೆದುಹೋಗುವವರು ನನ್ನನ್ನು ದಾಟಿ ಹೋಗುವಷ್ಟು ನಿಧಾನ. ಡಬ್ಬಿಯ ಕೆಂಪು ದೀಪ ಹತ್ತುತ್ತ ಆರುತ್ತ ಇತ್ತು, ಮಷೀನು ಅರೆಹೊಟ್ಟೆಯಲ್ಲೇ ಉಳಿದವು. ಸೇಡಂ ಇನ್ನೇನು ಬಂತು ಅನ್ನುವಾಗ ಮುಂದಿನ ಗಾಲಿಗೆ ಜಾಲಿಮುಳ್ಳು ಹೊಕ್ಕಿತು. ತಳ್ಳಿಕೊಂಡು ಊರೊಳಗೆ ಬಂದೆ. ಬೇವಿನ ಮರದ ಕೆಳಗೆ ಸೈಕಲ್ ಮಿಸ್ತ್ರಿಯ ಅಂಗಡಿ. ಅರವತ್ತು ದಾಟಿದ ಮನುಷ್ಯ, ದಪ್ಪ ಕನ್ನಡಕ, ಎಣ್ಣೆಗಪ್ಪಾದ ಬೆರಳು. ಪಂಚರ್ ಎಂದು ಕೈಮಾಡಿ ತೋರಿಸಿದೆ. ಅವನು ಗಾಲಿ ಬಿಚ್ಚಿ, ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಹುಬ್ಬು ಗಂಟಿಕ್ಕಿ ನನಗೆ ಏನೋ ಅಂದ. ನಾನು ಹ್ಞೂಂ ಅಂದೆ. ಮತ್ತೊಮ್ಮೆ ಅಂದ. ಮತ್ತೆ ಹ್ಞೂಂ ಅಂದು, ರಸ್ತೆಯಾಚೆ ಚಹಾ ಕುಡಿಯಲು ಹೋದೆ.

ಅರ್ಧ ತಾಸಿಗೆ ತಿರುಗಿ ಬಂದರೆ ಹಳೆಯ ಪೇಪರಿನ ಮೇಲೆ ನನ್ನ ಡೈನಮೋ ಕರುಳು ಹೊರಗೆ ಹಾಕಿಕೊಂಡು ಬಿದ್ದಿತ್ತು. ತಾಮ್ರದ ಸುರುಳಿ ಒಂದು ಕಡೆ. ಗಾಲಿಯೊಳಗಿನ ಅಯಸ್ಕಾಂತಗಳಿಗೆ ಉಕ್ಕಿನ ಗುಂಡುಗಳು, ಒಂದು ಸ್ಪ್ಯಾನರು, ಎರಡು ನಟ್ಟು ಅಂಟಿಕೊಂಡಿದ್ದವು. ಸುರುಳಿಯಿಂದ ಹೊರಬರುವ ಕೂದಲೆಳೆಯ ತಂತಿ ಬುಡದಲ್ಲೇ ಹರಿದಿತ್ತು. ಮಿಸ್ತ್ರಿ ನನ್ನನ್ನು ಕಂಡು ಎದ್ದು ನಿಂತು ನಕ್ಕ. ದೊಡ್ಡ ರೋಗ ಪತ್ತೆಹಚ್ಚಿದ ವೈದ್ಯರು ನಗುತ್ತಾರಲ್ಲ, ಹಾಗೆ.

ಡಬ್ಬಿ ತೆಗೆದು ಅರೆಹೊಟ್ಟೆಯ ಮಷೀನುಗಳನ್ನೇ ಕಿವಿಗೆ ತುರುಕಿಕೊಂಡೆ.

"ಒಳಗ ಯಾರೋ ಮೋಟಾರ್ ಕುಂದ್ರಸ್ಯಾರ್ರೀ ಅಕ್ಕಾರ," ಅನ್ನುತ್ತಿದ್ದ. "ಅದಕ್ಕೇ ಬಿಗಿ ಇತ್ತು. ತಗದೀನಿ. ಬ್ಯಾರೆ ಅಚ್ಚು ಹಾಕ್ತೀನಿ, ನೋಡ್ರಿ, ಗಾಳಿ ತಿರಗಿದಂಗ ತಿರಗ್ತದ."

ನಾನು ಬಾಯಿಗೆ ಬಂದದ್ದು ಬೈದೆ. ಚಹಾ ಅಂಗಡಿಯವರೆಲ್ಲ ಎದ್ದು ಬಂದರು. ಹೇಳದೆ ಕೇಳದೆ ಹೇಗೆ ಬಿಚ್ಚಿದೆ, ಪಂಚರ್ ಹಾಕು ಅಂದರೆ ಹೊಟ್ಟೆ ಕೊಯ್ಯುತ್ತೀಯಾ ಎಂದು ಕೂಗಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು, ಸಣ್ಣ ದನಿಯಲ್ಲಿ ಅಂದ:

"ಕೇಳಿದ್ನಲ್ರೀ ಅಕ್ಕಾರ. ಹಬ್ ಗಡಗಡ ಅನ್ಲಿಕತ್ತದ, ಬೇರಿಂಗ್ ಹೋಗ್ಯಾದ, ಬಿಚ್ಚಿ ಸಾಫ್ ಮಾಡ್ಲೇನ್ರಿ ಅಂದೆ. ಎರಡು ಸಲ ಕೇಳೀನಿ. ಎರಡೂ ಸಲ ನೀವು ಹ್ಞೂಂ ಅಂದ್ರಿ."

ಅಯಸ್ಕಾಂತ ಇರುವ ಹಬ್ಬನ್ನು ಕೈಯಲ್ಲಿ ತಿರುಗಿಸಿದರೆ ತಡೆತಡೆದು ತಿರುಗುವುದು ಸಹಜ. ರಸ್ತೆಯ ಮೇಲೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಿಲ್ಲದವರಿಗೆ ಬೇರಿಂಗು ಹೋದಂತೆಯೇ ಕಾಣುತ್ತದೆ. ಕೆಟ್ಟ ಮಿಸ್ತ್ರಿಯಾಗಿದ್ದರೆ ಪಂಚರ್ ಹಾಕಿ ಕೈತೊಳೆದುಕೊಳ್ಳುತ್ತಿದ್ದ. ಇವನು ಒಳ್ಳೆಯ ಮಿಸ್ತ್ರಿ, ಅದಕ್ಕೇ ಬಿಚ್ಚಿದ. ಬಟ್ಟೆ ಸುತ್ತಿ ಅದನ್ನು ಮುಚ್ಚಿಟ್ಟವಳು ನಾನು, ಕೇಳದೆ ಹ್ಞೂಂ ಅಂದವಳೂ ನಾನು. ಅಷ್ಟರಲ್ಲಿ ಮಷೀನುಗಳು ಕುಂಯ್ ಅಂದು ಸತ್ತವು, ಬೇವಿನ ಮರದ ಕೆಳಗೆ ಎಲ್ಲರ ಬಾಯಿ ಬರೀ ಆಡತೊಡಗಿದವು. ಸಂಜೆ ಏಳಕ್ಕೆ ಇನ್ನು ಒಂದೂವರೆ ತಾಸಿತ್ತು.

ಅಂಗಡಿಯ ಹಿಂದೆಯೇ ಮಿಸ್ತ್ರಿಯ ಮನೆ. ಅವನ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು, ನೀರು ಕೊಟ್ಟಳು, ಡಬ್ಬಿ ಇಸಿದುಕೊಂಡು ಗೋಡೆಯ ಪ್ಲಗ್ಗಿಗೆ ಹಚ್ಚಿದಳು. ನಾನು ಬೇಡ ಅನ್ನಲಿಲ್ಲ. ಒಂದೂವರೆ ತಾಸು ಚಾರ್ಜಾದರೆ ಐದು ನಿಮಿಷದ ಮಾತಿಗೆ ಬೇಕಾದಷ್ಟಾಯಿತು. ಅಣ್ಣನಿಗೆ ಗೋಡೆಯ ಕರೆಂಟು ಯಾವುದು, ಗಾಲಿಯ ಕರೆಂಟು ಯಾವುದು ಫೋನಿನಲ್ಲಿ ಗೊತ್ತಾಗುವುದಿಲ್ಲ. ಉಂಡೇನು, ಉಂಡೆ. ಎಲ್ಲಿದ್ದಿ, ಸೇಡಂ. ಮಷೀನ್ ಹಾಕ್ಕೊಂಡೇ ಹೊಡದಿ ಹೌದಿಲ್ಲ, ಹ್ಞೂಂ. ಮುಗಿಯಿತು.

ಗೋಡೆಗೆ ಒರಗಿ ಕೂತು ಆ ಕೆಂಪು ದೀಪ ನೋಡುತ್ತಿದ್ದಂತೆ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಹತ್ತು ವರ್ಷದಿಂದ ನಾನು ಮಾಡುತ್ತ ಬಂದದ್ದು ಇದೇ. ಕೇಳುವವರ ಹಾಗೆ ನಟಿಸುವುದು, ಮಂದಿಗೆ ತೊಂದರೆ ಆಗದ ಹಾಗೆ ತಲೆಯಾಡಿಸುವುದು. ಡೈನಮೋ ಕಟ್ಟಿದ್ದೂ ಅದಕ್ಕೇ ಅಲ್ಲವೇ? ಕಿವಿ ಕೇಳುತ್ತದೆ ಎಂದು ತೋರಿಸಿದರೆ ಮಾತ್ರ ರಸ್ತೆಗೆ ಬಿಡುತ್ತಾರೆ ಎಂಬುದನ್ನು ನಾನೇ ಒಪ್ಪಿಕೊಂಡುಬಿಟ್ಟಿದ್ದೆ. ಮೂರು ದಿನ ಕೇಳದೆಯೇ ಸೈಕಲ್ ಹೊಡೆದವಳು ನಾನು! ಯಾವ ಲಾರಿಯ ಕೆಳಗೂ ಬಿದ್ದಿರಲಿಲ್ಲ. ಕೆಟ್ಟದ್ದು ಆದದ್ದು ಒಂದೇ, ಅದು ಈ ಹ್ಞೂಂನಿಂದ.

ಎದ್ದು ಡಬ್ಬಿ ಪ್ಲಗ್ಗಿನಿಂದ ಕಿತ್ತೆ. ಮಿಸ್ತ್ರಿಯ ಹೆಂಡತಿಯ ಮುಖ ಸಪ್ಪಗಾಯಿತು. ಅವಳ ಎರಡೂ ಕೈ ಹಿಡಿದು, "ಅಕ್ಕಾ, ನನಗ ಕಿವಿ ಕೇಳಂಗಿಲ್ಲ. ನೀ ಎದುರಿಗೆ ನಿಂತು ಸಾವಕಾಶ ಮಾತಾಡಿದ್ರ ತಿಳೀತದ," ಅಂದೆ. ಗುರುತಿಲ್ಲದವರ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು. ಅವಳು ಎಲ್ಲರಂತೆ ಮೊದಲು ಕೂಗಿದಳು. ಕೂಗಬೇಡ ಅಂದೆ. ಆಮೇಲೆ ಸರಿಯಾಗಿ ಎದುರಿಗೆ ಕೂತು, ತುಟಿ ಬಿಡಿಸಿ, ಇನ್ನೆರಡು ರೊಟ್ಟಿ ತಿನ್ನು ಅಂದಳು. ಅದು ಚೆನ್ನಾಗಿಯೇ ತಿಳಿಯಿತು.

ಏಳಕ್ಕೆ ಫೋನು ಕೈಯಲ್ಲಿ ನಡುಗಿತು. ನಡುಗಿ ನಡುಗಿ ನಿಂತಿತು. ಮತ್ತೆ ನಡುಗಿತು. ನಾಲ್ಕು ಸಲ ಬಿಟ್ಟು, ಬರೆದು ಕಳಿಸಿದೆ: ಡೈನಮೋ ಕೆಟ್ಟದ, ಕಿವಿ ಬಂದ್ ಅವ, ನಾ ಆರಾಮ್ ಇದ್ದೀನಿ, ನಾಳಿ ಚಿಂಚೋಳಿಗಿ ಹೊಂಟೀನಿ. ಕ್ಷಣದಲ್ಲೇ ಉತ್ತರ ಬಂತು: ಅಲ್ಲೇ ಇರು, ಮುಂಜಾನಿ ಗಾಡಿ ತರ್ತೀನಿ. ನಾನು ಬರೆದೆ: ಸೇಡಂನಾಗ ಸಿಗಂಗಿಲ್ಲ, ಬರೋದಿದ್ರ ಚಿಂಚೋಳಿಗಿ ಬಾ. ಆಮೇಲೆ ಫೋನ್ ಆಫ್ ಮಾಡಿದೆ. ಸೈಕಲ್ ಅಟ್ಟಕ್ಕೆ ಹೋಗುವುದು ಇನ್ನು ಖಾತ್ರಿ ಅನ್ನಿಸಿತು. ಹೋಗುವುದಾದರೆ ಹೋಗಲಿ, ಚಿಂಚೋಳಿ ನೋಡಿಯೇ ಹೋಗಲಿ.

ಮುಂಜಾನೆ ಬೆಳಕು ಹರಿಯುತ್ತಲೇ ಮಿಸ್ತ್ರಿ ನನ್ನನ್ನು ಪರಿಚಯದ ರಿವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಸುರುಳಿ ನೋಡಿ ಆಗಲ್ಲ ಎಂದು ಕೈ ಅಲ್ಲಾಡಿಸಿದ. ನಾನು ಕೇಳದೆಯೇ ಅವನ ಬ್ಲೇಡು ತೆಗೆದುಕೊಂಡು, ತಂತಿಯನ್ನು ಉಗುರಿನ ಮೇಲಿಟ್ಟು ಅದರ ಎನಾಮಲ್ ಲೇಪ ಕೆರೆದೆ. ಅದನ್ನು ನೋಡಿದವನು ಎದ್ದು ತನ್ನ ಸ್ಟೂಲು ನನ್ನ ಕಡೆ ತಳ್ಳಿದ. ಸುರುಳಿಯ ಮೇಲಿನ ಒಂದು ಸುತ್ತು ಬಿಡಿಸಿ ತುದಿ ಹುಡುಕಿದೆ, ಹೊಸ ಎಳೆ ಸೇರಿಸಿ ಬೆಸುಗೆ ಹಾಕಿದೆ, ಕೊಳವೆ ತೊಡಿಸಿ ವಾರ್ನಿಶ್ ಹಚ್ಚಿ ಬಿಸಿಲಿಗಿಟ್ಟೆ. ಬೇರಿಂಗಿನ ಕೆಲಸ ಮಿಸ್ತ್ರಿಯದು. ಅವನು ಒಂದೊಂದು ಗುಂಡನ್ನೂ ಒರೆಸಿ ಗ್ರೀಸಿನಲ್ಲಿ ಕೂಡಿಸಿದ. ತಪ್ಪು ತಿದ್ದುವ ಹಟ ಅವನಿಗೂ ಇತ್ತು. ಗಾಲಿ ಎತ್ತಿ ತಿರುಗಿಸಿದಾಗ ಹಗಲಿನಲ್ಲೇ ದೀಪ ಫಕ್ಕನೆ ಹತ್ತಿತು. ಮಿಸ್ತ್ರಿ ನನ್ನ ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲಿಸಿ, "ಈಗ ಬಿಗಿ ಇದ್ರೂ ಬಿಚ್ಚಂಗಿಲ್ರಿ," ಅಂದ.

ಸೇಡಂನಿಂದ ಚಿಂಚೋಳಿಯ ದಾರಿ ಮೊದಲು ಕರಿಮಣ್ಣು, ಆಮೇಲೆ ಕೆಂಪು. ಗಾಳಿ ಬಿದ್ದಿತ್ತು. ಕಿವಿಗಳನ್ನು ಡಬ್ಬಿಗೆ ಹಾಕಿ ವೈರು ಸಿಕ್ಕಿಸಿದೆ. ಹಬ್ಬಿಗೆ ಸುತ್ತಿದ್ದ ಬಟ್ಟೆಯನ್ನು ಚರಂಡಿಗೆ ಎಸೆದೆ, ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ತೆಲುಗು ಮಾತಾಡುವ ಹೆಂಗಸರು ತೊಗರಿ ಬಡಿಯುತ್ತಿದ್ದ ಕಣದ ಹತ್ತಿರ ನಿಂತೆ. ಒಬ್ಬಾಕೆ ಏನೋ ಕೇಳಿದಳು. ಕಿವಿ ತೋರಿಸಿ, ಇಲ್ಲ ಎಂದು ಕೈಮಾಡಿದೆ. ಅವಳು ಒಂದಿಷ್ಟೂ ಗಾಬರಿಯಾಗದೆ ಕೈಯಿಂದಲೇ ಕೇಳಿದಳು: ಎಲ್ಲಿಂದ, ಎಲ್ಲಿಗೆ, ಒಬ್ಬಳೇನಾ? ಕೈಯಿಂದಲೇ ಹೇಳಿದೆ. ಇಷ್ಟು ಸುಲಭವಿದ್ದದ್ದನ್ನು ಹತ್ತು ವರ್ಷ ಯಾಕೆ ಬಚ್ಚಿಟ್ಟೆನೋ ತಿಳಿಯದು.

ಮಧ್ಯಾಹ್ನ ಎರಡರ ಹೊತ್ತಿಗೆ ಚಿಂಚೋಳಿ ಸಮೀಪಿಸಿದಾಗ ಡಬ್ಬಿಯ ದೀಪ ಹಸಿರಾಗಿತ್ತು. ಊರ ಬಾಯಲ್ಲೇ ನಮ್ಮ ಅಂಗಡಿಯ ಗೂಡ್ಸ್ ಗಾಡಿ ನಿಂತಿತ್ತು. ಮೋಟಾರು ಕಟ್ಟುವ ದಪ್ಪ ಹಗ್ಗ ಕೈಯಲ್ಲಿ ಸುತ್ತಿಕೊಂಡು ಅಣ್ಣ ರಸ್ತೆಯ ನಡುವೆ ನಿಂತಿದ್ದ. ನಾನು ಇಳಿದೆ. ಇಳಿಯುತ್ತಲೇ ಬೈಗುಳ ಶುರುವಾಯಿತು. ಅವನ ಬಾಯಿ ತೆರೆಯುವುದು, ಕೊರಳ ನರ ಉಬ್ಬುವುದು, ಪಕ್ಕದ ಪಾನ್ ಅಂಗಡಿಯವರು ತಿರುಗಿ ನೋಡುವುದು, ಎಲ್ಲ ಕಂಡಿತು. ಚೀಲಕ್ಕೆ ಕೈಹಾಕಿ ಡಬ್ಬಿ ತೆರೆದರೆ ಮುಗಿಯುತ್ತಿತ್ತು. ಕಿವಿ ಹಾಕಿಕೊಂಡು, ನೋಡು ಕೇಳುತ್ತದೆ ಅಂದುಬಿಡಬಹುದಿತ್ತು. ಕೈ ಹೋಗಲಿಲ್ಲ. ಹೋಗಗೊಡಲಿಲ್ಲ.

ಅವನು ಹಗ್ಗದ ತುದಿಯನ್ನು ಹ್ಯಾಂಡಲ್ಲಿಗೆ ಸುತ್ತಿದ. ನಾನು ಗಾಲಿಯನ್ನು ಎರಡೂ ಕೈಯಿಂದ ಹಿಡಿದೆ.

"ಅಣ್ಣಾ, ನೀ ಬೈಯೋದು ಒಂದು ಅಕ್ಷರನೂ ನನಗ ಕೇಳಂಗಿಲ್ಲ," ಅಂದೆ. "ಕಿವಿ ಕೇಳೋದು ನಿಂದು. ಮೊದಲು ನೀ ಕೇಳು. ಶಹಾಬಾದಿನಿಂದ ಇಲ್ಲೀತನ ಹಗಲೆಲ್ಲ ಮಷೀನ್ ಡಬ್ಬ್ಯಾಗ ಇಟ್ಟೇ ಹೊಡದೀನಿ. ದಿನಾ ಸಂಜಿ ನಿನಗ ಸುಳ್ಳು ಹೇಳೀನಿ. ಸುಳ್ಳು ಹೇಳಿದ್ದು ತಪ್ಪು, ಸೈಕಲ್ ಹೊಡದದ್ದು ತಪ್ಪಲ್ಲ. ಕೇಳ್ಲಿ ಬಿಡ್ಲಿ, ನಾ ಹೋಗಾಕಿನೇ. ನಿನ್ನ ಅಂಗಡಿ ಮೋಟಾರೆಲ್ಲ ಸುತ್ತೋದು ಈ ಕಿವುಡಿ ಕೈ. ಮಾಡ್ಕೊಟ್ಟ ಕೆಲಸದಾಗ ಒಂದು ತಿರುಗಿ ಬಂದದ್ದು ಇದ್ರ ಹೇಳು, ಸೈಕಲ್ ನಾನೇ ಗಾಡ್ಯಾಗ ಹಾಕ್ತೀನಿ."

ನನ್ನ ದನಿ ಎಷ್ಟು ದೊಡ್ಡದಿತ್ತೋ ನನಗೆ ಗೊತ್ತಿಲ್ಲ. ಪಾನ್ ಅಂಗಡಿಯವನು ಕೈಯಲ್ಲಿದ್ದ ಎಲೆ ಕೆಳಗಿಟ್ಟ. ಅಣ್ಣ ಮತ್ತೆ ಬೈಯತೊಡಗಿದ. ಬೈದ, ಕೈ ಬೀಸಿದ, ಆಕಾಶ ನೋಡಿದ, ಅಪ್ಪನ ಹೆಸರು ತೆಗೆದನೆಂದು ತುಟಿಯಿಂದ ತಿಳಿಯಿತು. ನಾನು ಗಾಲಿ ಬಿಡದೆ ನಿಂತೆ. ಕೇಳದವಳಿಗೆ ಎಷ್ಟು ಹೊತ್ತು ಅಂತ ಬೈಯುತ್ತಾನೆ? ಕಡೆಗೆ ಅವನ ಬಾಯಿ ನಿಂತಿತು. ಬೆವರು ಒರೆಸಿಕೊಂಡ. ಆಗ ಚೀಲದಿಂದ ಡಬ್ಬಿ ತೆಗೆದು, ಮಷೀನುಗಳನ್ನು ಒಂದೊಂದಾಗಿ ಕಿವಿಗೆ ಹಾಕಿಕೊಂಡೆ. ರಸ್ತೆ, ಕಾಗೆ, ಗಾಡಿಯ ಇಂಜಿನ್ನು, ಎಲ್ಲ ಒಮ್ಮೆಲೇ ಒಳಗೆ ನುಗ್ಗಿ ಬಂದವು.

"ಈಗ ಹೇಳು, ಕೇಳಾಕತ್ತೀನಿ," ಅಂದೆ.

ಅವನು ನಾನು ಬಂದ ರಸ್ತೆಯ ಕಡೆ ನೋಡಿದ. ಆಮೇಲೆ ಕೇಳಿದ: "ಹಿಂದ ಗಾಡಿ ಬಂದದ್ದು ನಿನಗ ಹೆಂಗ ತಿಳೀತದ?"

ಇಷ್ಟು ವರ್ಷದಲ್ಲಿ ಮಷೀನಿನ ಬಗ್ಗೆ ಅಲ್ಲದೆ ನನ್ನ ಕಿವಿಯ ಬಗ್ಗೆ ಅವನು ನನಗೆ ಕೇಳಿದ ಮೊದಲ ಪ್ರಶ್ನೆ ಅದು. ಅಲ್ಲಿಯವರೆಗೆ ಬರೀ ಹೇಳುತ್ತಿದ್ದ. ನಾನು ಸಿಟ್ಟು ಮಾಡದೆ ಹೇಳಿದೆ: ಕನ್ನಡಿಯಲ್ಲಿ ಮೊದಲು ಧೂಳು ಕಾಣುತ್ತದೆ, ಗಾಡಿ ಆಮೇಲೆ. ಟ್ಯಾಂಕರಾದರೆ ಹ್ಯಾಂಡಲ್ಲು ಅಂಗೈಯಲ್ಲಿ ನಡುಗುತ್ತದೆ. ಎದುರಿಗೆ ಬರುವವರ ಕಣ್ಣು ನನ್ನ ಹಿಂದಕ್ಕೆ ಹೋಗುತ್ತದೆ. ಅವನು ಬಂದು ಹ್ಯಾಂಡಲ್ಲಿನ ಮೇಲೆ ಅಂಗೈ ಇಟ್ಟ. ಪಕ್ಕದಲ್ಲಿ ಒಂದು ಲಾರಿ ಹಾದುಹೋಯಿತು. ಕೈ ಇಟ್ಟುಕೊಂಡೇ ನಿಂತಿದ್ದ.

"ಆದ್ರೂ ನನಗ ಅಂಜಿಕಿ ಅದ," ಅಂದ.

"ಇರ್ಲಿ. ಅದು ನಿಂದು, ನೀನೇ ಇಟ್ಕೋ. ಅದಕ್ಕ ನನ್ನ ಸೈಕಲ್ ಕಟ್ಟಬ್ಯಾಡ."

ಹಗ್ಗ ಬಿಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು, ತಾನೇ ಗಟ್ಟಿಯಾಗಿ ಬಿಗಿದಿದ್ದ. ಚಂದ್ರಂಪಳ್ಳಿ ಕೆರೆ ನೋಡಿಕೊಂಡು ನಾಳೆ ತಿರುಗುತ್ತೇನೆ ಎಂದು ಹೇಳಿ ಸೈಕಲ್ ಹತ್ತಿದೆ. ಹತ್ತುವ ಮೊದಲು, ಅವನ ಕಣ್ಣೆದುರೇ, ಎರಡೂ ಮಷೀನು ಕಿವಿಯಿಂದ ತೆಗೆದು ಡಬ್ಬಿಗೆ ಹಾಕಿ, ವೈರು ಸಿಕ್ಕಿಸಿ, ಪೆಡಲ್ ತುಳಿದೆ.